ಬೆಳಕಿನ ಎಳೆಗೊಬ್ಬ ನೀರಗಂಟಿ

ಹಾಸನದ ಪೇಟೆಯನ್ನು ಬಿಟ್ಟು ಈಶಾನ್ಯ ದಿಕ್ಕಿಗೆ ಹೊರಟವನಿಗೆ, ಮಲೆನಾಡಿನ ತಂಪು ಹಿಂದಕ್ಕೆ ಸರಿದು ಬಯಲುಸೀಮೆಯ ಬಿಸಿಲು ಇನ್ನೂ ಪೂರ್ಣವಾಗಿ ಆವರಿಸದಿರುವ ಒಂದು ಸಂಧಿಪ್ರದೇಶವು ಎದುರಾಗುವುದು. ಅಲ್ಲಿಯ ಮರಳುಮಿಶ್ರಿತವಾದ ಕೆಂಪು ನೆಲದಲ್ಲಿ ಮುಂಗಾರಿಗೆ ಆಲೂಗಡ್ಡೆಯನ್ನೂ ಮುಸುಕಿನ ಜೋಳವನ್ನೂ ರಾಗಿಯನ್ನೂ ಬೆಳೆದುಕೊಂಡು, ಹೊಲದ ಬದುಗಳಲ್ಲಿ ತೆಂಗನ್ನು ನೆಟ್ಟುಕೊಂಡು, ತಗ್ಗು ಕಂಡಲ್ಲೆಲ್ಲ ಒಂದೊಂದು ಕೆರೆಯನ್ನು ಕಟ್ಟಿಕೊಂಡು ಬಾಳುತ್ತಿರುವ ಹಳ್ಳಿಗಳ ಗುಂಪಿಗೆ ದುದ್ದವು ಹೋಬಳಿಯ ಮುಖ್ಯಸ್ಥಳ. ಮಂಡ್ಯ ತಾಲ್ಲೂಕಿನಲ್ಲಿಯೂ ಇದೇ ಹೆಸರಿನ ಊರೊಂದು ಉಂಟಾದುದರಿಂದ, ಹಾಸನದ ದುದ್ದವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಸೋದರತ್ತೆಯ ಮನೆ ಈ ಹೋಬಳಿಯ ಒಂದು ಸಣ್ಣ ಹಳ್ಳಿಯಲ್ಲಿ, ಕೆರೆಯ ಏರಿಗೆ ಕೂಗಳತೆಯಲ್ಲಿದೆ. ಕೆಲವು ಕಾಲದ ಹಿಂದೆ ಆ ಮನೆಯ ಸೂರಿನ ಕೆಳಗೆ, ತೊಲೆಗೆ ಹೊಡೆದ ಒಂದು ಮೊಳೆಯನ್ನು ಆಧರಿಸಿಕೊಂಡು, ಕಪ್ಪು ಹೊದಿಕೆಯ ತೆಳುವಾದ ತಂತಿಯೊಂದು ಒಳಗೆ ಬಂದಿತು. ಅದರ ಗರ್ಭದಲ್ಲಿದ್ದುದು ಗಾಜಿನ ಒಂದೇ ಒಂದು ಎಳೆ. ಆ ಎಳೆ ಬಂದ ದಾರಿಯನ್ನು ಹಿಡಿದು ಹಿಂದಕ್ಕೆ ನಡೆದು ನೋಡಬೇಕೆಂಬ ಬಯಕೆಯು ಅಂದು ಹುಟ್ಟಿದುದು ಇಂದಿಗೂ ತೀರಿಲ್ಲ.

ದೂರದಲ್ಲಿ ಒಂದೆಡೆ ಶೇಖರವಾದುದನ್ನು ಪ್ರತಿಯೊಬ್ಬನ ಪಾಲಿಗೆ ಒದಗುವಂತೆ ಹಂಚಿಕೊಡುವ ವಿದ್ಯೆ ಈ ಸೀಮೆಯ ಜನಕ್ಕೆ ಹೊಸದಲ್ಲ. ಕೆರೆಯನ್ನು ಕಟ್ಟಿಸುವುದು ಅರಸನ, ದಂಡನಾಯಕನ, ಅಥವಾ ಪುಣ್ಯಾರ್ಥಿಯಾದ ಒಬ್ಬ ಗೃಹಸ್ಥನ ಕೆಲಸವಾಗಿದ್ದಿತು. ತೂಬಿನಿಂದ ಹೊರಟ ನೀರು ಯಾವ ಗದ್ದೆಗೆ ಎಷ್ಟು ಹೊತ್ತು ಹರಿಯತಕ್ಕದ್ದೆಂಬುದನ್ನು ಅರಿತು, ರಾತ್ರಿಯೆಲ್ಲ ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡು ಕಾಲುವೆಯ ಮೇಲೆ ತಿರುಗಿ, ಒಬ್ಬನ ಮಡೆಯನ್ನು ಮಣ್ಣಿನಿಂದ ಮುಚ್ಚಿ ಇನ್ನೊಬ್ಬನ ಮಡೆಯನ್ನು ತೆರೆಯುವುದು ನೀರಗಂಟಿಯ ಕೆಲಸವಾಗಿದ್ದಿತು. ಹಾಸನದಿಂದ ಅರಸೀಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಕೊರವಂಗಲದ ಬೂಚೇಶ್ವರ ದೇವಾಲಯವನ್ನು ಕಂಡವರು, ವೀರಬಲ್ಲಾಳನ ಪಟ್ಟಾಭಿಷೇಕವಾದ 1173ನೆಯ ವರ್ಷದಲ್ಲಿ ಬೂಚಿಯೆಂಬ ಅಧಿಕಾರಿಯು ಅದನ್ನು ಕಟ್ಟಿಸಿದನೆಂಬುದನ್ನು ಕೇಳಿರುತ್ತಾರೆ. ಕಟ್ಟಿಸಿದವನ ಹೆಸರು ಹೀಗೆ ಉಳಿದುಬರುವುದು ಸಹಜ. ಆದರೆ 1902ರಲ್ಲಿ ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಅಚ್ಚು ಮಾಡಿದಂದಿನಿಂದ ನಮ್ಮ ನಾಡಿನ ಶಿಲಾಲೇಖಗಳನ್ನು ಓದುತ್ತ ಬಂದವರಿಗೆ ಅದಕ್ಕಿಂತಲೂ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿಯೊಂದು ಗೋಚರವಾಗುವುದು. ಕರ್ನಾಟಕದ ಕೆರೆಗಳಿಗೆ ಸಂಬಂಧಿಸಿದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶಬಂದ ಎಂಬ ಶಬ್ದಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ ಸಂದ ಮರ್ಯಾದೆಯೊಂದೇ ಅವುಗಳ ಅರ್ಥವಾಗಿರದೆ, ಆ ಕೆರೆಯ ಏರಿಯನ್ನು ವರ್ಷವರ್ಷವೂ ಮೆತ್ತಿಸುವುದಕ್ಕೆ, ಹೂಳನ್ನು ತೆಗೆಸುವುದಕ್ಕೆ, ಮಣ್ಣು ಹೊರುವ ಬಂಡಿಗೂ ಅದರ ಎತ್ತಿಗೂ ಅದನ್ನು ಹೊಡೆಯುವ ಆಳಿಗೂ ವೆಚ್ಚ ಹುಟ್ಟುವಂತೆ ಗದ್ದೆಯ ಒಂದು ಪಾಲನ್ನು ಶಾಶ್ವತವಾಗಿ ಬಿಟ್ಟುಕೊಡುವ ಏರ್ಪಾಡೂ ಆ ಮಾತುಗಳಲ್ಲಿ ಅಡಕವಾಗಿದೆ. ಕಟ್ಟುವುದು ಒಮ್ಮೆ, ಕಾಯುವುದು ಎಂದೆಂದಿಗೂ ಎಂಬುದನ್ನು ಬಲ್ಲವರು ಮಾತ್ರ ಇಂತಹ ಶಾಸನವನ್ನು ಬರೆಸಬಲ್ಲರು.

ಈ ಹಳೆಯ ಏರ್ಪಾಡನ್ನು ಹೊಗಳುವಾಗ ಒಂದು ಮಾತನ್ನು ಮರೆಮಾಚಬಾರದು. ನೀರಗಂಟಿ, ತೋಟಿ, ತಳವಾರ ಮೊದಲಾದ ಗ್ರಾಮದ ಆಯಗಾರರು ಹುಟ್ಟಿನಿಂದಲೇ ಆ ಕೆಲಸಕ್ಕೆ ಕಟ್ಟುಬಿದ್ದವರು. ಸುಗ್ಗಿಯ ಕಣದಲ್ಲಿ ಅವರಿಗೆ ಅಳೆದು ಕೊಡುತ್ತಿದ್ದ ಆಯವು ಅವರ ದುಡಿಮೆಗೆ ಸಮನಾಗಿದ್ದಿತೆಂದು ಹೇಳುವ ಧೈರ್ಯ ನನಗಿಲ್ಲ. 1961ರ ಗ್ರಾಮಾಧಿಕಾರಗಳ ರದ್ದಿಯಾತಿಯ ಕಾಯಿದೆಯಿಂದ ವಂಶಪಾರಂಪರ್ಯವಾದ ಆ ಹುದ್ದೆಗಳು ಹೋದುದು ನ್ಯಾಯವೇ ಆಯಿತು. ಹುದ್ದೆ ಹೋಯಿತು, ಆದರೆ ಕೆಲಸ ಹೋಗಲಿಲ್ಲ. ಕೊನೆಯ ಗದ್ದೆಗೆ ನೀರು ಮುಟ್ಟಿಸುವ ಹೊಣೆಯನ್ನು ಯಾರೋ ಒಬ್ಬರು ಹೊರಬೇಕಾಗಿಯೇ ಬಂದಿತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾಗಿ, ನಾಲೆಗಳು ದೂರದೂರದ ತಾಲ್ಲೂಕುಗಳಿಗೆ ಹರಿದ ಮೇಲೆಯೂ, ನಾಲೆಯ ಕೊನೆಭಾಗದ ರೈತರ ಅಹವಾಲು ಪತ್ರಿಕೆಗಳಲ್ಲಿ ಪ್ರತಿವರ್ಷವೂ ಬರುತ್ತಲೇ ಇರುವುದು ಇದೇ ಕಾರಣದಿಂದ.

ಸುದ್ದಿಯ ಪಾಡೂ ನೀರಿನ ಪಾಡಿನಂತೆಯೇ ಇದ್ದಿತು. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದರೆಂದು ಹೇಳುವ ಅಂಚೆಯ ವ್ಯವಸ್ಥೆಯು, ಕಾಗದಗಳನ್ನು ಸಾಗಿಸುವುದರೊಡನೆ ನಾಡಿನ ಆಗುಹೋಗುಗಳನ್ನು ಅರಮನೆಗೆ ತಿಳಿಸುವ ಕಣ್ಣೂ ಕಿವಿಯೂ ಆಗಿದ್ದು, 1889ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಲೀನವಾಯಿತು. ಓಟದವನ ಕೈಯಿಂದ ಕೈಗೆ ಬಂದ ಚೀಲವು ಅಂಚೆಮನೆಯವರೆಗೆ ಬರುವುದು. ಅಲ್ಲಿಂದಾಚೆಗಿನ ಹಳ್ಳಿಗೆ, ಮನೆಗೆ, ಸುದ್ದಿ ಮುಟ್ಟಬೇಕಾದರೆ ತೋಟಿಯ ಕಾಲೋ ತಮಟೆಯೋ ಬೇಕು. ತಂತಿಯು ಬಂದಾಗಲೂ ಅದೇ ಕಥೆ. ದೇಶದಲ್ಲಿ ತಂತಿಯ ಜಾಲವು 1850ರ ದಶಕದಲ್ಲಿ ಹರಡಿತಾದರೂ, ಹಳ್ಳಿಯವನ ಪಾಲಿಗೆ ಅದು ಪೇಟೆಯ ಆಫೀಸಿನಲ್ಲಿ ನಿಂತುಬಿಡುವ ವಸ್ತು. ಅಲ್ಲಿಂದ ಸೈಕಲ್ಲಿನ ಮೇಲೆ ಬರುವ ಕಾಗದದ ಚೂರನ್ನು ಒಡೆದು ಓದುವುದಕ್ಕೆ ಮೊದಲೇ ಹೆಂಗಸರು ಅಳಲಾರಂಭಿಸುವಷ್ಟು ಅಪರೂಪದ, ಅಶುಭದ ವಸ್ತು. 2013ರ ಜುಲೈ ತಿಂಗಳಲ್ಲಿ ಆ ತಂತಿಯ ಸೇವೆಯನ್ನೇ ದೇಶದಾದ್ಯಂತ ನಿಲ್ಲಿಸಿದಾಗ, ನನ್ನ ಸೋದರತ್ತೆ, ತನ್ನ ಜೀವಮಾನದಲ್ಲಿ ಆ ಮನೆಗೆ ಬಂದ ತಂತಿಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಿ, ಯಾವುದು ಯಾರು ತೀರಿಕೊಂಡುದಕ್ಕೆ ಬಂದುದೆಂದು ಹೇಳಿದರು.

ದೂರವಾಣಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಅದರಲ್ಲಿ ನಮ್ಮ ನಾಡಿಗೆ ಹೆಮ್ಮೆಯ ಪಾಲೊಂದುಂಟು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು, ಧೂಳನ್ನೂ ಸೆಕೆಯನ್ನೂ ತಡೆದುಕೊಂಡು, ತಂಪುಗೊಳಿಸಿದ ಕೋಣೆಯ ಹಂಗಿಲ್ಲದೆ, ಹಳ್ಳಿಯ ಸಾಮಾನ್ಯವಾದ ಕೊಠಡಿಯಲ್ಲಿ ಕೆಲಸ ಮಾಡಬಲ್ಲ 128 ಪೋರ್ಟುಗಳ ಗ್ರಾಮೀಣ ವಿನಿಮಯ ಕೇಂದ್ರವೊಂದನ್ನು ರೂಪಿಸಿದರು. ಅದರಲ್ಲಿ ಮೊದಲನೆಯದನ್ನು 1986ರಲ್ಲಿ ನಿಲ್ಲಿಸಿದುದು ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿನಲ್ಲಿ ಆರಂಭವಾದ ಆ ಕಾರ್ಯವು ಮುಂದೆ ದೇಶದ ಅಸಂಖ್ಯಾತ ಹೋಬಳಿಗಳಿಗೆ ಟೆಲಿಫೋನನ್ನು ತಂದಿತು. ಪರಸ್ಥಳದ ಯಂತ್ರವನ್ನು ತಂದು ಹಳ್ಳಿಯನ್ನು ಅದಕ್ಕೆ ಹೊಂದಿಸುವುದರ ಬದಲು, ಹಳ್ಳಿ ಹೇಗಿದೆಯೋ ಹಾಗೆಯೇ ಅಂಗೀಕರಿಸಿ ಯಂತ್ರವನ್ನು ಅದಕ್ಕೆ ಹೊಂದಿಸಿದ ಆ ಬುದ್ಧಿಯನ್ನು ನೆನೆದಾಗಲೆಲ್ಲ ನನಗೆ ಗೌರವವುಂಟಾಗುವುದು. ಆದರೂ ಮನೆಗೆ ದೂರವಾಣಿ ಬೇಕೆಂದು ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ಉಂಟು. ಹೋಬಳಿಯ ಬಸ್‌ಸ್ಟ್ಯಾಂಡಿನ ಬಳಿಯ ಎಸ್‌ಟಿಡಿ ಬೂತಿನಲ್ಲಿ, ಗಾಜಿನ ಬಾಗಿಲನ್ನು ಎಳೆದುಕೊಂಡು, ಓಡುತ್ತಿರುವ ಕೆಂಪು ಅಂಕಿಗಳ ಕಡೆಗೆ ಒಂದು ಕಣ್ಣಿಟ್ಟು ಮಾತನಾಡುವುದೇ ಬಹುಮಂದಿಗೆ ದೂರವಾಣಿಯಾಗಿದ್ದಿತು.

ಅದೇ ಕಾಲದಲ್ಲಿ, ನಮ್ಮ ಹಾಸನ ತಾಲ್ಲೂಕಿನಲ್ಲಿಯೇ, ಇನ್ನೊಂದು ಮಹತ್ಕಾರ್ಯವೂ ನಡೆಯುತ್ತಲಿದ್ದಿತು. 1982ರಲ್ಲಿ ಹಾಸನದಲ್ಲಿ ಪ್ರಾರಂಭವಾದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು, ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಂತ ಇನ್ಸಾಟ್ ಉಪಗ್ರಹಗಳನ್ನು ಹಗಲಿರುಳೂ ಕಾಯುತ್ತ ಬಂದಿದೆ. ಮೊದಲನೆಯ ಉಪಗ್ರಹವು ಆ ವರ್ಷವೇ ಕೆಟ್ಟುಹೋದರೂ, ಮರುವರ್ಷ ಹಾರಿದ ಎರಡನೆಯದರಿಂದ ದೇಶದ ಮೂಲೆಮೂಲೆಗೂ ದೂರದರ್ಶನ ಹರಡಿತು. ಆ ಕೇಂದ್ರದ ಬಿಳಿಯ ಬೃಹತ್ ತಟ್ಟೆಗಳು ಆಕಾಶದ ಕಡೆಗೆ ಮೊಗವೆತ್ತಿ ನಿಂತಿರುವುದನ್ನು ನಾನು ಬಾಲ್ಯದಲ್ಲಿ ಬಸ್ಸಿನ ಕಿಟಕಿಯಿಂದ ಕಂಡು ಬೆರಗಾದವನು. ಅಷ್ಟು ಎತ್ತರದ ವಸ್ತುವಿನೊಡನೆ ಕ್ಷಣಮಾತ್ರದಲ್ಲಿ ಮಾತನಾಡಬಲ್ಲ ಊರಿನಿಂದ ಹತ್ತಿಪ್ಪತ್ತು ಕಿಲೋಮೀಟರು ದೂರದ ಹಳ್ಳಿಗೆ ಒಂದು ಮಾತನ್ನು ಮುಟ್ಟಿಸಬೇಕಾದರೆ ಆಳನ್ನೇ ಕಳುಹಿಸಬೇಕಾಗಿದ್ದ ಆ ದಿನಗಳನ್ನು ಕಂಡುದರಿಂದಲೇ, ಎತ್ತರವನ್ನು ಮುಟ್ಟುವುದಕ್ಕಿಂತ ಹೊಸ್ತಿಲನ್ನು ಮುಟ್ಟುವುದು ಕಠಿನವೆಂಬ ಭಾವನೆಯು ನನ್ನಲ್ಲಿ ಬೇರೂರಿತು.

ಎರಡು ಸಾವಿರದ ಇಸವಿಯ ಸುಮಾರಿಗೆ ಭೂಮಿ ಯೋಜನೆಯು ಬಂದು, ಗ್ರಾಮಲೆಕ್ಕಿಗರ ಖಾತೆಯ ಪುಸ್ತಕಗಳಲ್ಲಿದ್ದ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರನ್ನು ಸೇರಿದವು. ಮೊದಲು ತಾಲ್ಲೂಕು ಕಚೇರಿಯಲ್ಲಿ, ಅನಂತರ ಹೋಬಳಿಯ ನಾಡಕಚೇರಿಯಲ್ಲಿ, ಪಹಣಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಗಳೆಲ್ಲ ಅಚ್ಚಾಗಿ ಹೊರಬರುವಂತಾಯಿತು. ಕೈಬರಹದ ಪುಸ್ತಕವನ್ನು ಕಾಯುವ ಒಬ್ಬನ ಮರ್ಜಿಯಿಂದ ರೈತನಿಗೆ ಬಿಡುಗಡೆಯಾದುದು ಸಣ್ಣ ಸಂಗತಿಯಲ್ಲ. ಆದರೆ ಅದರೊಡನೆಯೇ ನಮ್ಮ ಹಳ್ಳಿಗಳ ಆಡುಮಾತಿಗೆ ‘ಸರ್ವರ್ ಇಲ್ಲ’ ಎಂಬ ಹೊಸ ಮಾತೊಂದು ಸೇರಿತು. ಬಿತ್ತನೆಯ ದಿನದಲ್ಲಿ ಕೆಲಸವನ್ನು ಬಿಟ್ಟು ಬಸ್ಸು ಹಿಡಿದು ಬಂದವನು ಆ ಎರಡು ಶಬ್ದಗಳನ್ನು ಕೇಳಿಕೊಂಡು ಹಿಂದಿರುಗುವಾಗ ಅವನ ಮುಖದಲ್ಲಿ ಕಾಣುತ್ತಿದ್ದ ಭಾವವು, ತೂಬು ತೆಗೆದರೂ ತನ್ನ ಗದ್ದೆಗೆ ನೀರು ಬಾರದವನ ಮುಖದ ಭಾವವೇ ಆಗಿದ್ದಿತು. ತಾಮ್ರದ ತಂತಿಯ ಮೂಲಕ ಬರುತ್ತಿದ್ದ ಸಂಪರ್ಕವು ಮಳೆಗೆ ಕೆಡುವುದು. ಕೆಟ್ಟುದನ್ನು ಸರಿಪಡಿಸುವ ಹೊತ್ತಿಗೆ ಕಳ್ಳರು ತಾಮ್ರದ ಆಸೆಗೆ ತಂತಿಯನ್ನೇ ಕತ್ತರಿಸಿ ಒಯ್ದಿರುವರು.

ಇನ್ನು ಗಾಜಿನ ಎಳೆಯ ವೃತ್ತಾಂತ. ಬೆಳಕು ನೇರವಾಗಿ ಮಾತ್ರ ಚಲಿಸುವುದೆಂದು ನಂಬಿದ್ದ ಕಾಲದಲ್ಲಿ, ಅದನ್ನು ಬಾಗಿಸಿ ಒಯ್ಯಬಹುದೆಂಬುದನ್ನು ಮೊದಲು ಲೋಕಕ್ಕೆ ತೋರಿಸಿಕೊಟ್ಟುದು ನೀರು. ಜಿನೀವದ ಕೊಲಾಡನ್ ಎಂಬ ವಿಜ್ಞಾನಿ 1840ರ ದಶಕದ ಆರಂಭದಲ್ಲಿಯೂ, ಲಂಡನ್ನಿನ ಜಾನ್ ಟಿಂಡಲ್ 1854ರಲ್ಲಿಯೂ, ತೊಟ್ಟಿಯ ತೂತಿನಿಂದ ಚಿಮ್ಮಿ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕನ್ನು ಬಿಟ್ಟು, ಧಾರೆಯು ಬಾಗಿದಂತೆ ಬೆಳಕೂ ಅದರೊಳಗೇ ಪುಟಿಪುಟಿದು ಬಾಗಿ ಸಾಗುವುದನ್ನು ಸಭಿಕರಿಗೆ ತೋರಿಸಿದರು. ತೂಬಿನ ಬಾಯಿಂದ ಧುಮುಕುವ ನೀರನ್ನು ಇಳಿಬಿಸಿಲಿನಲ್ಲಿ ನೋಡುತ್ತ ನಿಂತ ನಮ್ಮ ಕೆರೆಯ ಕೆಳಗಿನ ಹುಡುಗರಿಗೂ ಆ ಮಿನುಗು ಅಪರಿಚಿತವಲ್ಲ. ಪಂಜಾಬಿನ ಮೋಗಾ ಎಂಬಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು, ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸರೊಡನೆ ಕೆಲಸ ಮಾಡಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಒಯ್ಯಬಹುದೆಂಬುದನ್ನು 1954ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಶಾಸ್ತ್ರಕ್ಕೆ ಫೈಬರ್ ಆಪ್ಟಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಗಾಜಿನಲ್ಲಿ ಬೆಳಕು ಬಹುದೂರ ಹೋಗದೆ ಅಡಗುವುದು ಗಾಜಿನ ದೋಷವಲ್ಲವೆಂದೂ, ಅದರಲ್ಲಿ ಸೇರಿದ ಕಶ್ಮಲದ ದೋಷವೆಂದೂ ಚಾರ್ಲ್ಸ್ ಕಾವೊ 1966ರಲ್ಲಿ ಸಾಧಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೂವರು ವಿಜ್ಞಾನಿಗಳು ಅಂತಹ ಪರಿಶುದ್ಧವಾದ ಎಳೆಯನ್ನು ಎಳೆದರು. ಇಂದಿನ ಎಳೆಯ ದಪ್ಪವು ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಬೆಳಕು ಹರಿಯುವ ಅದರ ತಿರುಳಂತೂ ಅದಕ್ಕಿಂತಲೂ ಹತ್ತಾರು ಪಾಲು ಸಣ್ಣದು. ಇದರಲ್ಲಿ ಕದಿಯತಕ್ಕ ಲೋಹವಿಲ್ಲ. ತಾಮ್ರವೆಂದು ಅಗೆದು ಕತ್ತರಿಸಿ ನೋಡಿ, ಗಾಜೆಂದು ತಿಳಿದು ಬಿಸುಟು ಹೋದ ಕಳ್ಳರ ಕಥೆಯನ್ನು ಲೈನ್‌ಮನ್ನುಗಳು ಹೇಳುತ್ತಾರೆ. ಕಳ್ಳನಿಗೆ ಲಾಭವಾಗದಿದ್ದರೂ ಊರಿಗೆ ಆಗುವ ನಷ್ಟ ತಪ್ಪುವುದಿಲ್ಲ.

ದೇಶದ ಎರಡೂವರೆ ಲಕ್ಷ ಗ್ರಾಮಪಂಚಾಯಿತಿಗಳಿಗೆ ಈ ಎಳೆಯನ್ನು ಮುಟ್ಟಿಸುವ ಸಂಕಲ್ಪವನ್ನು ಕೇಂದ್ರ ಸರ್ಕಾರದ ಮಂತ್ರಿಮಂಡಲವು 2011ರ ಅಕ್ಟೋಬರ್ 25ರಂದು ಅಂಗೀಕರಿಸಿತು. ಅಂದಿನ ಅಂದಾಜು ಸುಮಾರು 20,000 ಕೋಟಿ ರೂಪಾಯಿ. ಅದರ ಮೂಲವು ದೂರಸಂಪರ್ಕ ಕಂಪನಿಗಳ ವರಮಾನದಿಂದ, ಹಳ್ಳಿಗಾಡಿನ ಸೇವೆಗಾಗಿಯೇ ಎತ್ತಿಡುತ್ತ ಬಂದ ನಿಧಿ. 2012ರಲ್ಲಿ ಅದಕ್ಕಾಗಿಯೇ ಒಂದು ನಿಗಮವನ್ನು ಸ್ಥಾಪಿಸಿದರು. ಮುಂದೆ ಆ ಯೋಜನೆಗೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಎಲ್ಲ ಗ್ರಾಮಪಂಚಾಯಿತಿಗಳನ್ನೂ ಮೊದಲು ಮುಟ್ಟಿದ ಜಿಲ್ಲೆಯೆಂಬ ಹೆಸರು 2015ರಲ್ಲಿ ಕೇರಳದ ಇಡುಕ್ಕಿಗೆ ಸಂದಿತು. ಕರ್ನಾಟಕದ ಪಂಚಾಯಿತಿಗಳು ಮೊದಲನೆಯ ಹಂತದಲ್ಲಿಯೇ ಸೇರಿದ್ದವು. ದೇಶದಲ್ಲಿ ಒಂದು ಲಕ್ಷ ಪಂಚಾಯಿತಿಗಳ ಆ ಹಂತವು 2017ರ ಕೊನೆಗೆ ಮುಗಿಯಿತೆಂದು ಪ್ರಕಟಣೆ ಹೊರಟಿತು. ತಾಲ್ಲೂಕಿನ ವಿನಿಮಯ ಕೇಂದ್ರದಲ್ಲಿ ಬೆಳಕನ್ನು ಹೊಮ್ಮಿಸುವ ಯಂತ್ರವನ್ನಿಟ್ಟು, ರಸ್ತೆಯ ಬದಿಯಲ್ಲಿ ಒಂದು ಮೀಟರು ಅರುವತ್ತೈದು ಸೆಂಟಿಮೀಟರು ಆಳದ ಗುಂಡಿಯನ್ನು ತೋಡಿ, ಅದರಲ್ಲಿ ಕೊಳವೆಯನ್ನೂ ಕೊಳವೆಯೊಳಗೆ ಎಳೆಗಳ ಕೇಬಲನ್ನೂ ಎಳೆದು, ಪಂಚಾಯಿತಿ ಕಟ್ಟಡದಲ್ಲಿ ಒಂದು ಪೆಟ್ಟಿಗೆ, ಬ್ಯಾಟರಿ, ಮಾಳಿಗೆಯ ಮೇಲೊಂದು ಸೌರಫಲಕ ಇವಿಷ್ಟನ್ನು ಕೂರಿಸುವುದು ಆ ಕಾರ್ಯದ ಸ್ವರೂಪ.

ಇಲ್ಲಿಯವರೆಗೆ ಎಲ್ಲವೂ ಕೆರೆ ಕಟ್ಟುವ ಕೆಲಸ. ಆ ವರ್ಷಗಳಲ್ಲಿ ಹೋಬಳಿಯ ರಸ್ತೆಗಳ ಅಂಚಿನಲ್ಲಿ ಕಿತ್ತಳೆ ಬಣ್ಣದ ಕೊಳವೆಯ ಸುರುಳಿಗಳು ಉರುಳಿಬಿದ್ದಿದ್ದುದನ್ನು ನಾನು ಕಂಡಿದ್ದೇನೆ. ಎಳೆ ಬಂದಿತು, ಪಂಚಾಯಿತಿಯ ಗೋಡೆಯ ಮೇಲೆ ಪೆಟ್ಟಿಗೆಯೂ ಬಂದಿತು. ಆದರೆ ನಾನು ಆ ಕಾಲದಲ್ಲಿ ಹೋಗಿ ನೋಡಿದ ಒಂದು ಪಂಚಾಯಿತಿಯಲ್ಲಿ, ಆ ಊರಿನ ಹೆಸರನ್ನು ಹೇಳುವುದು ಬೇಡ, ಪೆಟ್ಟಿಗೆಯ ದೀಪ ಆರಿಹೋಗಿ ಬಹಳ ದಿನವಾಗಿದ್ದಿತು. ಎಲ್ಲಿ ತುಂಡಾಗಿದೆಯೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರನ್ನು ಕೇಳಬೇಕೆಂಬುದೂ ಗೊತ್ತಿರಲಿಲ್ಲ. ರಸ್ತೆಯನ್ನು ಅಗಲ ಮಾಡುವವರು ಬಂದರು, ಕತ್ತರಿಸಿದರು. ಚರಂಡಿ ತೆಗೆಯುವವರು ಬಂದರು, ಕತ್ತರಿಸಿದರು. 2019ರಲ್ಲಿ ಘೋಷಿತವಾದ ಜಲಜೀವನ ಯೋಜನೆಯ ಕೊಳವೆಗಳನ್ನು ಮನೆಮನೆಗೂ ಹಾಕಲು ಜೆಸಿಬಿಗಳು ಬೀದಿಬೀದಿಯನ್ನು ಅಗೆದಾಗ, ನೀರಿನ ಕಾಲುವೆಯೇ ಬೆಳಕಿನ ಕಾಲುವೆಯನ್ನು ಕಡಿದುಹಾಕಿದ ಸಂಗತಿಯನ್ನು ಎಷ್ಟೋ ಊರುಗಳವರು ಹೇಳುವರು. ಎರಡೂ ಹಳ್ಳಿಯ ಮನೆಗಳಿಗಾಗಿಯೇ ಹೊರಟವು. ಒಂದರ ಗುದ್ದಲಿಗೆ ಇನ್ನೊಂದು ಎಲ್ಲಿ ಮಲಗಿದೆಯೆಂದು ಹೇಳುವ ಮನುಷ್ಯನು ಮಾತ್ರ ನಡುವೆ ಇರಲಿಲ್ಲ. ಅಗೆಯುವುದಕ್ಕೆ ಮೊದಲು ಕೇಳಿ ಎಂದು ಹೇಳುವ ಆ್ಯಪ್ ಒಂದನ್ನು ಸರ್ಕಾರವು 2023ರ ಮಾರ್ಚ್ 22ರಂದು ಹೊರತಂದಿತು. ಅದು ಬೇಕಾಗಿತ್ತು, ಹತ್ತು ವರ್ಷ ಮೊದಲೇ ಬೇಕಾಗಿತ್ತು.

ಪಂಚಾಯಿತಿಯ ಗೋಡೆಯಿಂದ ಮನೆಯ ತೊಲೆಗೆ ಎಳೆಯನ್ನು ತಂದವರು ಯಾರೆಂಬುದನ್ನು ವಿಚಾರಿಸಿದರೆ, ಯಾವ ಯೋಜನೆಯ ಪುಸ್ತಕದಲ್ಲಿಯೂ ಮುಖ್ಯಪಾತ್ರವಾಗಿ ಬಾರದ ಒಂದು ವರ್ಗದವರು ಎದುರಿಗೆ ಬರುತ್ತಾರೆ: ಊರಿನ ಕೇಬಲ್‌ನವರು. 1990ರ ದಶಕದಲ್ಲಿ ಮಾಳಿಗೆಯ ಮೇಲೊಂದು ದೊಡ್ಡ ಡಿಶ್ಶನ್ನು ನಿಲ್ಲಿಸಿ, ಕರೆಂಟಿನ ಕಂಬದಿಂದ ಕಂಬಕ್ಕೆ ತಂತಿಯನ್ನೆಳೆದು, ತಿಂಗಳಿಗೊಮ್ಮೆ ಸೈಕಲ್ಲಿನ ಮೇಲೆ ಬಂದು ಹಣವನ್ನು ವಸೂಲು ಮಾಡಿಕೊಂಡು ಹೋಗುತ್ತಿದ್ದ ಹುಡುಗರು ಇವರು. ಯಾರ ಮನೆಗೆ ಯಾವ ಕಂಬದಿಂದ ತಂತಿಯನ್ನು ತೆಗೆದರೆ ನೆರೆಯವರು ಆಕ್ಷೇಪಿಸುವುದಿಲ್ಲ, ಯಾವ ತೆಂಗಿನಮರದ ಗರಿ ಆಷಾಢದ ಗಾಳಿಗೆ ತಂತಿಯ ಮೇಲೆ ಬೀಳುವುದು, ಯಾರು ಹಣವನ್ನು ಆಲೂಗಡ್ಡೆ ಮಾರಿದ ಮೇಲೆಯೇ ಕೊಡುವರು ಎಂಬ ವಿವರಗಳೆಲ್ಲ ಇವರಿಗೆ ಕಂಠಪಾಠ. ಮನೆಮನೆಗೆ ಫೈಬರನ್ನು ಕೊಡಬೇಕೆಂದಾಗ ಬಿಎಸ್‌ಎನ್‌ಎಲ್ ಮೊದಲಾದ ಸಂಸ್ಥೆಗಳು, ಆದಾಯದಲ್ಲಿ ಪಾಲನ್ನು ಕೊಟ್ಟು, ಇಂತಹ ಸ್ಥಳೀಯರ ಕೈಯಿಂದಲೇ ಕೊನೆಯ ಭಾಗವನ್ನು ಮಾಡಿಸಿದವು. 2020ರ ಮಾರ್ಚ್ ತಿಂಗಳ ಕೊನೆಗೆ ದೇಶವೇ ಬಾಗಿಲು ಹಾಕಿಕೊಂಡು, ಬೆಂಗಳೂರಿನಿಂದ ಲ್ಯಾಪ್‌ಟಾಪನ್ನು ಹೊತ್ತುಕೊಂಡು ಊರಿಗೆ ಬಂದ ಮಕ್ಕಳೂ, ಪಾಠಕ್ಕಾಗಿ ಮೊಬೈಲನ್ನು ಹಿಡಿದು ಗುಡ್ಡವನ್ನೋ ನೀರಿನ ಟ್ಯಾಂಕನ್ನೋ ಹತ್ತಿದ ಮಕ್ಕಳೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ತುಂಬಿಕೊಂಡಾಗ, ಈ ಹುಡುಗರನ್ನು ಜನ ದಾರಿ ಕಾದು ಹಿಡಿದುಕೊಳ್ಳುವಂತಾಯಿತು. ದುದ್ದದ ಸುತ್ತಿನಲ್ಲಿ ಮಾತ್ರವಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನನ್ನ ಬಂಧುಗಳೂ ಅಂದಿನ ದಿನಗಳಲ್ಲಿ ಇದೇ ಮಾತನ್ನು ಹೇಳಿದರು.

ಮುಂದೆ 2023ರ ಆಗಸ್ಟ್ 4ರಂದು ಮಂತ್ರಿಮಂಡಲವು ಭಾರತ್‌ನೆಟ್ಟಿನ ತಿದ್ದುಪಡಿಯಾದ ಯೋಜನೆಯನ್ನು ಅಂಗೀಕರಿಸಿತು. ಒಟ್ಟು 1,39,579 ಕೋಟಿ ರೂಪಾಯಿಯ ಆ ಯೋಜನೆಯಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕವನ್ನು ಕೊಡುವ ಉದ್ದೇಶವಿದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಸುತ್ತಿ ಬರುವಂತೆ ಎಳೆಯನ್ನು ಉಂಗುರದ ಆಕಾರದಲ್ಲಿ ಹಾಯಿಸುವ ವಿಧಾನವಿದೆ. ಊರಿನ ಉದ್ಯಮಿಗೆ ಆದಾಯದ ಅರ್ಧದಷ್ಟು ಪಾಲನ್ನು ಕೊಡುವ ಕ್ರಮವಿದೆ. ಇವೆಲ್ಲಕ್ಕಿಂತ ನನ್ನ ಕಣ್ಣಿಗೆ ಹಿಡಿದುದು ಬೇರೊಂದು ಷರತ್ತು: ಗುತ್ತಿಗೆದಾರನು ಮೂರು ವರ್ಷದಲ್ಲಿ ಕಟ್ಟಿ ಮುಗಿಸಿದ ಮೇಲೆ ಹತ್ತು ವರ್ಷಗಳ ಕಾಲ ಅದನ್ನು ಕಾಪಾಡತಕ್ಕದ್ದು. ಟೆಂಡರಿನ ಕಾಗದದ ಆ ವಾಕ್ಯವನ್ನು ಓದಿದಾಗ ಏರಿಯ ಮೇಲಿನ ಕಟ್ಟುಕೊಡಗೆಯ ಕಲ್ಲು ನನಗೆ ನೆನಪಾಯಿತು. ನಮ್ಮ ಹಿರಿಯರು ಕೆರೆಗೆ ಶಾಶ್ವತವಾಗಿ ಗದ್ದೆಯನ್ನು ಬಿಟ್ಟರು. ಇವರು ಎಳೆಗೆ ಹತ್ತು ವರ್ಷದ ವೆಚ್ಚವನ್ನು ಬಿಟ್ಟಿದ್ದಾರೆ. ಅಷ್ಟಾದರೂ ಆಯಿತೆಂದು ಸಮಾಧಾನಪಡುತ್ತೇನೆ. ಆ ಪಾಲು ಗುತ್ತಿಗೆಯ ಮೇಲಿನ ಮಜಲುಗಳಲ್ಲಿಯೇ ಇಂಗಿಹೋಗದೆ, ಕಂಬ ಹತ್ತುವವನ ಕೈಗೆ ಬಂದು ಮುಟ್ಟಬೇಕೆಂದು ಹಾರೈಸುತ್ತೇನೆ.

ಅತ್ತೆಯ ಮನೆಗೆ ಎಳೆ ಬಂದ ದಿನ ನಾನು ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ನೋಡಿದೆನು. ಬಂದವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಹೆಗಲಿನಲ್ಲಿ ಕಪ್ಪು ತಂತಿಯ ಸುರುಳಿ. ಬೈಕಿನ ಹಿಂದೆ ಒಂದು ಸಣ್ಣ ಪೆಟ್ಟಿಗೆ. ಏರಿಯ ಬಳಿಯ ಕಂಬದಿಂದ ಎರಡು ತೆಂಗಿನಮರಗಳನ್ನು ಬಳಸಿ ತಂತಿಯನ್ನು ತಂದು, ತೊಲೆಯ ಮೊಳೆಗೆ ಕೊಕ್ಕೆ ಹಾಕಿ ಬಿಗಿದು, ಜಗಲಿಯ ಮೇಲೆ ಒಂದು ಟವೆಲನ್ನು ಹಾಸಿ ಕುಳಿತನು. ತುದಿಯ ಕಪ್ಪು ಹೊದಿಕೆಯನ್ನು ಸೀಳಿದನು; ಒಳಗಿನ ಉಕ್ಕಿನ ಎಳೆಗಳನ್ನು ಬೇರ್ಪಡಿಸಿದನು; ನಡುವಣ ಎಳೆಯ ಮೇಲಿನ ಬಣ್ಣದ ಲೇಪವನ್ನು ಒಂದು ಇಕ್ಕಳದಿಂದ ಹಿಡಿದು ಎಳೆದಾಗ, ಬೆರಳುಗಳ ನಡುವೆ ಏನೂ ಇಲ್ಲವೆಂಬಂತೆ ತೋರಿ, ಬೆಳಕಿಗೆ ಹಿಡಿದಾಗ ಮಾತ್ರ ಒಂದು ಗೆರೆ ಮಿಂಚಿತು. ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದದಿಂದ ಅದನ್ನು ಒರೆಸಿದಾಗ ಕಿರ್ರೆಂದು ಸಣ್ಣ ಸದ್ದಾಯಿತು.

“ಅಯ್ಯೋ, ಇದೇನಪ್ಪ, ಕೂದ್ಲಷ್ಟೂ ಇಲ್ವಲ್ಲ!” ಎಂದರು ಅತ್ತೆ.

“ಕೂದ್ಲಷ್ಟೇ ಐತಜ್ಜಿ, ಗಾಜು. ಕೆಳಗೆ ಬಿದ್ದಿರೋ ಚೂರು ಮಾತ್ರ ಮುಟ್ಟಬ್ಯಾಡಿ, ಕಾಲಿಗೆ ಚುಚ್ಕಂಡ್ರೆ ಕಣ್ಣಿಗೂ ಕಾಣಲ್ಲ” ಎಂದು ಹೇಳಿ, ಬಿದ್ದ ಚೂರುಗಳನ್ನೆಲ್ಲ ಒಂದು ಅಂಟಿನ ಟೇಪಿಗೆ ಹತ್ತಿಸಿಕೊಂಡು ಹಳೆಯ ಔಷಧಿಯ ಡಬ್ಬಿಗೆ ಹಾಕಿದನು. ಅನಂತರ ಪೆಟ್ಟಿಗೆಯಿಂದ ಯಂತ್ರವೊಂದನ್ನು ತೆಗೆದು ಎರಡು ತುದಿಗಳನ್ನು ಅದರಲ್ಲಿ ಎದುರುಬದುರಾಗಿ ಮಲಗಿಸಿ ಮುಚ್ಚಿದನು. ಅದರ ಸಣ್ಣ ಪರದೆಯ ಮೇಲೆ ಎರಡು ತುದಿಗಳೂ ಎರಡು ಒನಕೆಗಳಷ್ಟು ದಪ್ಪವಾಗಿ ಕಂಡವು. ತಾವಾಗಿಯೇ ಒಂದಕ್ಕೊಂದು ಸಮೀಪಿಸಿ, ಸರಿಹೊಂದಿಕೊಂಡು ನಿಂತವು. ಕ್ಷಣಾರ್ಧದಲ್ಲಿ ನೀಲಿಯ ಕಿಡಿಯೊಂದು ಹೊಳೆದು, ಎರಡಾಗಿದ್ದುದು ಒಂದಾಗಿ, ಬೆಸುಗೆಯ ಗುರುತೇ ಕಾಣದಂತಾಯಿತು. ಪರದೆಯ ಕೆಳಗೆ 0.02 ಎಂಬ ಅಂಕಿ ಮೂಡಿತು. “ಲಾಸು ಕಮ್ಮಿ ಐತೆ ಸಾರ್, ಚೆನ್ನಾಗ್ ಕೂತೈತೆ” ಎಂದನು. ಅವನ ಮುಖದಲ್ಲಿ ಆಗ ಮೂಡಿದ ತೃಪ್ತಿಯನ್ನು ನಾನು ನೇಗಿಲ ಸಾಲನ್ನು ನೇರವಾಗಿ ಹೊಡೆದವನ ಮುಖದಲ್ಲಿ ಕಂಡಿದ್ದೇನೆ.

ಕಂಬಕ್ಕೆ ಬಂದ ಒಂದೇ ಎಳೆಯು ಸುತ್ತಿನ ಎಂಟು ಮನೆಗಳಿಗೆ ಹೇಗೆ ಹಂಚಿಕೆಯಾಗುವುದೆಂದು ನಾನು ಕೇಳಿದೆನು. ಕಂಬದ ಮೇಲಿನ ಸಣ್ಣ ಡಬ್ಬಿಯಲ್ಲಿ, ಕರೆಂಟಿನ ಸಹಾಯವೇನೂ ಇಲ್ಲದೆ, ಬೆಳಕು ಎರಡಾಗಿ, ನಾಲ್ಕಾಗಿ, ಎಂಟಾಗಿ ಸೀಳುವುದೆಂದನು. ಅಲ್ಲಿಂದ ಬರುವ ಬೆಳಕು ಎಲ್ಲ ಮನೆಗಳಿಗೂ ಒಂದೇ. ಪ್ರತಿಮನೆಯ ಪೆಟ್ಟಿಗೆಯೂ ಅದರಲ್ಲಿ ತನ್ನದನ್ನು ಮಾತ್ರ ಆರಿಸಿಕೊಳ್ಳುವುದು. ಇಲ್ಲಿಂದ ಹೋಗುವಾಗ ಮಾತ್ರ ಎಲ್ಲರೂ ಒಟ್ಟಿಗೆ ಮಾತನಾಡುವಂತಿಲ್ಲ. ತಾಲ್ಲೂಕಿನ ಯಂತ್ರವು ಯಾರ ಸರದಿ ಯಾವಾಗಲೆಂದು ಗೊತ್ತುಮಾಡುವುದು. ಆ ಸರದಿಯ ಸುತ್ತು ಒಂದು ಸೆಕೆಂಡಿನಲ್ಲಿ 8,000 ಬಾರಿ ಸುತ್ತಿ ಬರುವುದೆಂಬುದನ್ನು ನಾನು ಅನಂತರ ಓದಿ ತಿಳಿದುಕೊಂಡೆನು. ರಾತ್ರಿಯ ಎರಡನೆಯ ಜಾವ ತಮ್ಮ ಗದ್ದೆಯ ಸರದಿಯೆಂದು ಲಾಂದ್ರವನ್ನು ಹಿಡಿದು ಹೊರಡುತ್ತಿದ್ದ ಮಾವನನ್ನು ನೆನೆದು, ಅತ್ತೆ, “ಹಂಗಾದ್ರೆ ಇದಕ್ಕೂ ಪಾಳಿ ಐತೆ ಅನ್ನು” ಎಂದರು.

ಒಳಗೆ ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ದೀಪವು ಕೆಲವು ಸಲ ಮಿಟುಕಿ, ಆರಿ, ಹಸುರು ದೀಪವು ಹತ್ತಿ ನಿಂತಿತು. ಅತ್ತೆ ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದು, ಹುಡುಗನು ಮತ್ತೆ ಏರಿಯ ಬಳಿಯ ಕಂಬದ ಕಡೆಗೆ ಹೊರಟನು. ನಾನೂ ಅವನೊಡನೆ ಹೋದೆನು. ಏಣಿಯನ್ನು ಹತ್ತಿ, ಡಬ್ಬಿಯ ಬಾಗಿಲನ್ನು ತೆರೆದು, ಒಳಗಿನ ಎಳೆಗಳನ್ನು ಮುಟ್ಟಿ ನೋಡಿ, ಮುಚ್ಚಿ ಇಳಿದ ಮೇಲೆ, ಜೇಬಿನಿಂದ ಬೆವರಿಗೆ ಅಂಚು ಸುಕ್ಕಾದ ಒಂದು ಪುಸ್ತಕವನ್ನು ತೆಗೆದನು. ಆ ಕಂಬಕ್ಕೆಂದು ಒಂದು ಪುಟ. ಪುಟದಲ್ಲಿ ಒಂದರಿಂದ ಎಂಟರವರೆಗೆ ಅಂಕಿಗಳು. ಅಂಕಿಗಳ ಮುಂದೆ ಮನೆಗಳು: ಸೊಸೈಟಿ, ಮೇಲಿನ ಮನೆ, ಅಂಗನವಾಡಿ, ತೂಬಿನ ಹತ್ತಿರದವರು. ಕಂಬಕ್ಕೆ ಪುಸ್ತಕವನ್ನು ಒತ್ತಿ ಹಿಡಿದು, ಐದನೆಯದರ ಮುಂದೆ ‘ಮೇಷ್ಟ್ರ ಮನೆ’ ಎಂದು ಬರೆದನು. ಮೇಷ್ಟರಾಗಿದ್ದ ಮಾವ ತೀರಿಕೊಂಡು ಹದಿನಾರು ವರ್ಷವಾಗಿದ್ದಿತು. ಆರು, ಏಳು, ಎಂಟರ ಮುಂದೆ ಇನ್ನೂ ಖಾಲಿಯಿದ್ದಿತು. ಫೋನು ಹೊಡೆದುಕೊಂಡುದರಿಂದ ಅವನು ಪುಸ್ತಕವನ್ನು ಮಡಿಸಿ ಜೇಬಿಗಿಟ್ಟುಕೊಂಡು, “ಕೆಂಪು ಲೈಟಾ? ಬಂದೆ ಇರಣ್ಣ, ಏರಿ ಮೇಲಿದೀನಿ” ಎನ್ನುತ್ತ ಬೈಕಿನ ಕಡೆಗೆ ನಡೆದನು.